ಅಪ್‌ಡೇಟ್ ಆದ ಮೇಲೆ ಘಾಟಿಯಲ್ಲಿ ಕಾರು ತಾನಾಗಿ ಬ್ರೇಕ್ ಹಿಡಿಯುತ್ತಿದೆ, ಏನು ಮಾಡಲಿ?

ಪ್ರಶ್ನೆ: ನಮ್ಮದು ಕೊಡಗಿನ ಸುಂಟಿಕೊಪ್ಪ ಹತ್ತಿರ ಕಾಫಿ ತೋಟ. ಅಡಾಸ್ (ಕ್ಯಾಮೆರಾ, ರೇಡಾರ್‌ನಿಂದ ರಸ್ತೆ ನೋಡಿ ಎಚ್ಚರಿಸುವ, ಬೇಕಾದಾಗ ತಾನೇ ಬ್ರೇಕ್ ಹಿಡಿಯುವ, ಸ್ಟಿಯರಿಂಗ್ ತಿದ್ದುವ ವ್ಯವಸ್ಥೆ) ಇರುವ ಕಾರು ತೆಗೆದುಕೊಂಡು ಎರಡು ವರ್ಷವಾಯಿತು. ಇಷ್ಟು ದಿನ ತೊಂದರೆ ಇರಲಿಲ್ಲ. ಕಳೆದ ತಿಂಗಳು ಸರ್ವಿಸ್‌ಗೆ ಬಿಟ್ಟಾಗ ಅಡಾಸ್ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದ್ದೇವೆ ಎಂದರು. ಆಮೇಲೆ ಮೂರು ತೊಂದರೆ ಶುರುವಾಗಿದೆ. ಸಂಪಾಜೆ ಘಾಟಿಯ ಎಡ ತಿರುವುಗಳಲ್ಲಿ ಎದುರಿನಿಂದ ಬಸ್ ಬಂದಾಗ ಎರಡು ಸಲ ಕಾರು ತಾನಾಗಿ ಜೋರಾಗಿ ಬ್ರೇಕ್ ಹಿಡಿಯಿತು, ಹಿಂದಿನ ಪಿಕಪ್ ಸ್ವಲ್ಪದರಲ್ಲಿ ತಪ್ಪಿತು. ಕುಶಾಲನಗರದ ಕಡೆ ಹೋಗುವಾಗ ಸ್ಟಿಯರಿಂಗ್ ಎಡಕ್ಕೆ ಎಳೆಯುತ್ತದೆ. ಬೆಳಿಗ್ಗೆ ಮಂಜಿನಲ್ಲಿ ‘ಮುಂದಿನ ಕ್ಯಾಮೆರಾ ಮುಚ್ಚಿದೆ’ ಎಂದು ಬರುತ್ತದೆ. ಸರ್ವಿಸ್‌ನವರು ಸ್ಕ್ಯಾನ್ ಮಾಡಿ ಎಲ್ಲ ಸರಿ ಇದೆ ಅನ್ನುತ್ತಾರೆ. ಬೆಂಗಳೂರಿನಲ್ಲಿರುವ ಭಾವನ ಹತ್ತಿರವೂ ಇದೇ ಕಾರು, ಇದೇ ಅಪ್‌ಡೇಟ್. ಮೊದಲಿಗಿಂತ ಚೆನ್ನಾಗಿದೆ ಅನ್ನುತ್ತಾರೆ. ಆಗಸ್ಟ್‌ನಲ್ಲಿ ಸಿಲ್ವರ್ ಓಕ್ ಕೊಂಬೆ ಬಿದ್ದು ಮುಂದಿನ ಗಾಜು ಬದಲಾಯಿಸಿದ್ದು ಬಿಟ್ಟರೆ ಕಾರಿಗೆ ಬೇರೇನೂ ಆಗಿಲ್ಲ. ಹಳೆಯ ಸಾಫ್ಟ್‌ವೇರ್ ಮತ್ತೆ ಹಾಕಿಸಬಹುದೇ? ಇಲ್ಲ, ಎಲ್ಲವನ್ನೂ ಆಫ್ ಮಾಡಿಬಿಡಲೇ?

ಉತ್ತರ: ಕೊನೆಗೆ ಹೇಳಿದ ಗಾಜಿನ ವಿಷಯವೇ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು. ಅಡಾಸ್‌ನ ಮುಖ್ಯ ಕ್ಯಾಮೆರಾ ಒಳಗನ್ನಡಿಯ ಹಿಂದೆ, ಆ ಗಾಜಿಗೆ ಅಂಟಿಸಿದ ಹಿಡಿಕೆಯಲ್ಲಿ ಕೂತಿರುತ್ತದೆ. ಗಾಜು ಬದಲಾದರೆ ಹಿಡಿಕೆಯೂ ಬದಲಾಗುತ್ತದೆ, ಗಾಜು ಕೂರುವ ಅಂಟಿನ ದಪ್ಪವೂ ಒಂದಿಷ್ಟು ಹೆಚ್ಚುಕಡಿಮೆಯಾಗುತ್ತದೆ. ಆಮೇಲೆ ಕ್ಯಾಮೆರಾಕ್ಕೆ ‘ನಿನ್ನ ನೇರ ಯಾವುದು’ ಎಂದು ಮತ್ತೆ ತೋರಿಸಿಕೊಡಬೇಕು. ಇದನ್ನೇ ಕ್ಯಾಲಿಬ್ರೇಷನ್ ಎನ್ನುವುದು. ಆಗಸ್ಟ್‌ನ ಬಿಲ್ ಹುಡುಕಿ ನೋಡಿ. ಗಾಜು, ಅಂಟು, ಕೂಲಿಯ ಜೊತೆ ಕ್ಯಾಮೆರಾ ಕ್ಯಾಲಿಬ್ರೇಷನ್ ಎಂಬ ಸಾಲು ಇಲ್ಲದಿದ್ದರೆ ಆ ಕೆಲಸ ಆಗಿಲ್ಲ ಎಂದೇ ಹಿಡಿಯಿರಿ.

ಹಾಗಿದ್ದರೆ ತೊಂದರೆ ಆಗಸ್ಟ್‌ನಲ್ಲೇ ಏಕೆ ಕಾಣಲಿಲ್ಲ ಎಂದು ನೀವು ಕೇಳಬಹುದು. ಅಪ್‌ಡೇಟ್ ಆದಾಗ ಹಲವು ಕಾರುಗಳಲ್ಲಿ ಮಾಲೀಕರು ಮಾಡಿಕೊಂಡ ಸೆಟ್ಟಿಂಗ್‌ಗಳು ಅಳಿಸಿ ಕಾರ್ಖಾನೆಯ ಸೆಟ್ಟಿಂಗ್‌ಗೆ ಮರಳುತ್ತವೆ. ಕಾರು ಗೆರೆ ದಾಟದಂತೆ ನೋಡಿಕೊಳ್ಳುವ ಲೇನ್ ವ್ಯವಸ್ಥೆ ನಿಮ್ಮಲ್ಲಿ ಇಷ್ಟು ದಿನ ‘ಎಚ್ಚರಿಕೆ ಮಾತ್ರ’ ಎಂದಿದ್ದು, ಈಗ ‘ಸ್ಟಿಯರಿಂಗ್ ಸಹಾಯ’ ಎಂದಾಗಿರಬಹುದು. ಮುಂದಿನ ಡಿಕ್ಕಿಯ ಎಚ್ಚರಿಕೆ ‘ತಡ’ ಎಂದಿದ್ದದ್ದು ‘ಸಾಮಾನ್ಯ’ ಅಥವಾ ‘ಬೇಗ’ ಆಗಿರಬಹುದು. ಗಾಜು ಬದಲಾದ ದಿನವೇ ಕಣ್ಣು ವಾರೆಯಾಗಿತ್ತು, ಅಪ್‌ಡೇಟ್ ಆ ವಾರೆಗಣ್ಣಿಗೆ ಕೈಕಾಲು ಕೊಟ್ಟಿತು ಎಂಬುದು ನನ್ನ ಬಲವಾದ ಅನುಮಾನ. ಮೂರು ತೊಂದರೆಗಳೂ ಒಂದೇ ತಿಂಗಳಲ್ಲಿ ಕಾಣಿಸಿಕೊಂಡವು ಎಂದು ಮೂರಕ್ಕೂ ಕಾರಣ ಒಂದೇ ಇರಬೇಕಿಲ್ಲ. ಮಂಜಿನಲ್ಲಿ ಬರುವ ಸಂದೇಶ ದೋಷವೇ ಅಲ್ಲ. ಎಡಕ್ಕೆ ಎಳೆಯುವುದು ಬಹುತೇಕ ಕ್ಯಾಮೆರಾದ ದೋಷ. ಘಾಟಿಯ ಬ್ರೇಕ್‌ನಲ್ಲಿ ಅರ್ಧ ಕ್ಯಾಮೆರಾ, ಅರ್ಧ ಘಾಟಿ.

ಎಳೆತದಿಂದ ಶುರುಮಾಡೋಣ, ಪರೀಕ್ಷೆ ಮಾಡಲು ಅದೇ ಸುಲಭ. ಕ್ಯಾಮೆರಾ ಕೂದಲೆಳೆಯಷ್ಟು ಬಲಕ್ಕೆ ತಿರುಗಿ ಕೂತಿದೆ ಎಂದುಕೊಳ್ಳಿ. ಆಗ ಅದಕ್ಕೆ ರಸ್ತೆಯ ಬಿಳಿ ಗೆರೆಗಳೆಲ್ಲ ಎಡಕ್ಕೆ ಸರಿದಂತೆ ಕಾಣುತ್ತವೆ. ಕಾರು ನೇರವಾಗಿಯೇ ಹೋಗುತ್ತಿದ್ದರೂ ‘ನಾನು ಬಲಕ್ಕೆ ಜಾರುತ್ತಿದ್ದೇನೆ’ ಎಂದು ಬಗೆದು ಎಡಕ್ಕೆ ಎಳೆಯುತ್ತದೆ. ತಪ್ಪಿದ ಕೋನ ಅರ್ಧ ಡಿಗ್ರಿಯಾದರೂ 20 ಮೀಟರ್ ದೂರದಲ್ಲಿ 17 ಸೆಂಟಿಮೀಟರ್, 50 ಮೀಟರ್ ದೂರದಲ್ಲಿ 44 ಸೆಂಟಿಮೀಟರ್ ಅಂತರ ಬರುತ್ತದೆ. ಪೂರ್ತಿ ಒಂದು ಡಿಗ್ರಿ ತಪ್ಪಿದರೆ 50 ಮೀಟರ್‌ನಲ್ಲಿ 87 ಸೆಂಟಿಮೀಟರ್. ದ್ವಿಪಥ ಹೆದ್ದಾರಿಯ ಒಂದು ಲೇನ್ ಮೂರೂವರೆ ಮೀಟರ್, ಕಾರಿನ ಅಗಲ ಸುಮಾರು 1.8 ಮೀಟರ್. ಎರಡೂ ಬದಿಗೆ ಉಳಿಯುವುದು ತಲಾ 85 ಸೆಂಟಿಮೀಟರ್ ಮಾತ್ರ. ಒಂದು ಡಿಗ್ರಿಯ ತಪ್ಪು ಇಡೀ ಅಂಚನ್ನೇ ನುಂಗಿಹಾಕುತ್ತದೆ.

ಆದರೆ ಎಡಕ್ಕೆ ಎಳೆಯುವುದಕ್ಕೆ ಬೇರೆ ಕಾರಣಗಳೂ ಇವೆ. ಮಳೆನೀರು ಹರಿದುಹೋಗಲಿ ಎಂದು ನಮ್ಮ ರಸ್ತೆಗಳನ್ನು ನಡುವೆ ಎತ್ತರಿಸಿ ಅಂಚಿಗೆ ಇಳಿಜಾರು ಮಾಡಿರುತ್ತಾರೆ. ಎಡಬದಿಯಲ್ಲಿ ಓಡುವ ಯಾವುದೇ ಕಾರು ತುಸು ಎಡಕ್ಕೆ ಜಾರುವುದು ಸಹಜ. ಎಡ ಮುಂಚಕ್ರದಲ್ಲಿ ಗಾಳಿ ಕಡಿಮೆ ಇದ್ದರೂ, ಹೊಂಡಕ್ಕೆ ಬಿದ್ದು ವೀಲ್ ಅಲೈನ್‌ಮೆಂಟ್ ಕೆಟ್ಟಿದ್ದರೂ ಅದೇ ಆಗುತ್ತದೆ. ಹೀಗೆ ಬೇರ್ಪಡಿಸಿ ನೋಡಿ: ನಾಲ್ಕೂ ಟಯರ್‌ಗೆ ಬಾಗಿಲ ಬಳಿ ಅಂಟಿಸಿದ ಚೀಟಿಯಲ್ಲಿರುವಷ್ಟೇ ಗಾಳಿ ಹಿಡಿಸಿ, ಬೂಟ್ ಖಾಲಿ ಮಾಡಿ. ಮಂಜು ಕರಗಿ ರಸ್ತೆ ಒಣಗಿದ ಮೇಲೆ, ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ, ಕುಶಾಲನಗರ ದಾಟಿ ಬೈಲಕುಪ್ಪೆ, ಪಿರಿಯಾಪಟ್ಟಣದ ಕಡೆ ಎರಡೂ ಬದಿ ಗೆರೆ ಸ್ಪಷ್ಟವಾಗಿರುವ ನೇರ ಭಾಗಕ್ಕೆ ಹೋಗಿ. ಪಕ್ಕದ ಸೀಟಿನಲ್ಲಿ ಇನ್ನೊಬ್ಬರಿರಲಿ, ಬರೆದುಕೊಳ್ಳುವ ಕೆಲಸ ಅವರದ್ದು. ಮೊದಲು ಲೇನ್ ಸಹಾಯ ಆಫ್ ಮಾಡಿ 65ರಿಂದ 70 ಕಿ.ಮೀ. ವೇಗದಲ್ಲಿ ಒಂದೆರಡು ಕಿಲೋಮೀಟರ್ ಓಡಿಸಿ. ಆಗಲೂ ಎಳೆದರೆ ಕಾರಣ ಟಯರ್, ಅಲೈನ್‌ಮೆಂಟ್ ಅಥವಾ ರಸ್ತೆಯ ಇಳಿಜಾರು. ಆಫ್ ಇದ್ದಾಗ ನೇರ, ಆನ್ ಮಾಡಿದ ಕೂಡಲೇ ಎಳೆತ ಎಂದಾದರೆ ಕ್ಯಾಮೆರಾ.

ಇನ್ನೊಂದು ಪರೀಕ್ಷೆ ಇದಕ್ಕಿಂತ ಖಚಿತ. ಹಿಂದೆ ಮುಂದೆ ವಾಹನ ಇಲ್ಲದಾಗ, ಲೇನ್ ವ್ಯವಸ್ಥೆಯನ್ನು ‘ಎಚ್ಚರಿಕೆ ಮಾತ್ರ’ಕ್ಕೆ ಇಟ್ಟು, ಇಂಡಿಕೇಟರ್ ಹಾಕದೆ, ನಿಧಾನವಾಗಿ ಎಡ ಗೆರೆಯ ಕಡೆ ಸರಿಯಿರಿ. ಎಚ್ಚರಿಕೆ ಬಂದ ಕ್ಷಣ ಚಕ್ರ ಗೆರೆಯಿಂದ ಎಷ್ಟು ದೂರವಿತ್ತು ಎಂದು ಪಕ್ಕದವರು ಅಂದಾಜು ಮಾಡಲಿ. ಅದೇ ರೀತಿ ಬಲಕ್ಕೆ. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಅಂತರದಲ್ಲಿ ಎಚ್ಚರಿಸಬೇಕು. ಬಲಗಡೆ ಗೆರೆಗೆ ಒಂದು ಮೊಳ ಇರುವಾಗಲೇ ಕೂಗಿ, ಎಡಗಡೆ ಚಕ್ರ ಗೆರೆ ತುಳಿದ ಮೇಲೆ ಕೂಗಿದರೆ ಕ್ಯಾಮೆರಾ ಬಲಕ್ಕೆ ತಿರುಗಿದೆ ಎಂಬುದರಲ್ಲಿ ಅನುಮಾನ ಬೇಡ. ಪ್ರತಿ ಬದಿಗೆ ನಾಲ್ಕೈದು ಸಲ ಮಾಡಿ. ಒಂದೇ ಸಲದ ಫಲಿತಾಂಶ ನಂಬಬೇಡಿ, ಡಾಂಬರು ತೇಪೆಯ ಅಂಚನ್ನೋ ಅಳಿಸಿದ ಹಳೆಯ ಗೆರೆಯನ್ನೋ ಕಾರು ಗೆರೆ ಎಂದುಕೊಂಡಿರಬಹುದು.

ಗಾಜಿನ ಜೊತೆಗೆ ಇನ್ನೊಂದು ಅನುಮಾನಿಸಬೇಕಾದ ಭಾಗ ಸ್ಟಿಯರಿಂಗ್ ಕೋನದ ಸೆನ್ಸರ್. ವೀಲ್ ಅಲೈನ್‌ಮೆಂಟ್ ಮಾಡಿದ ಮೇಲೆ ಇದರ ಸೊನ್ನೆಯನ್ನು, ಅಂದರೆ ನೇರ ಯಾವುದು ಎಂಬ ಗುರುತನ್ನು, ಸ್ಕ್ಯಾನರ್‌ನಿಂದ ಮತ್ತೆ ಹೊಂದಿಸಬೇಕು. ಸಣ್ಣ ಅಂಗಡಿಗಳಲ್ಲಿ ಅಲೈನ್‌ಮೆಂಟ್ ಮಾಡಿಸಿದರೆ ಇದು ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಸ್ಟಿಯರಿಂಗ್‌ನಲ್ಲಿ 3 ಡಿಗ್ರಿ ತಪ್ಪು ಎಂದರೆ ಕಣ್ಣಿಗೆ ಕಾಣುವುದೂ ಕಷ್ಟ. ಚಕ್ರದ ಬಳಿ ಅದು 0.2 ಡಿಗ್ರಿ ಅಷ್ಟೇ. ಆದರೆ ಅದನ್ನೇ ನಂಬಿ ಕಾರು ತನ್ನ ಮುಂದಿನ ದಾರಿಯನ್ನು ಲೆಕ್ಕ ಹಾಕಿದರೆ 50 ಮೀಟರ್ ಮುಂದೆ ಒಂದೂವರೆ ಮೀಟರ್‌ಗಿಂತ ಹೆಚ್ಚು ಅಡ್ಡ ಹೋಗುತ್ತದೆ, ಅಂದರೆ ಅರ್ಧ ಲೇನ್. ಕಾರು ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂದು ಅಳೆಯುವ ಇನ್ನೊಂದು ಸೆನ್ಸರ್ ಇದನ್ನು ಒಂದಿಷ್ಟು ತಿದ್ದುತ್ತದೆ, ಪೂರ್ತಿ ಅಲ್ಲ. ನೇರ ರಸ್ತೆಯಲ್ಲಿ ಸ್ಟಿಯರಿಂಗ್ ಚಕ್ರದ ಲಾಂಛನ ವಾಲಿಕೊಂಡಿದ್ದರೆ ಕ್ಯಾಮೆರಾ ಮುಟ್ಟುವ ಮೊದಲು ಇದನ್ನು ಸರಿಮಾಡಿಸಿ. ವಾರೆ ಸ್ಟಿಯರಿಂಗ್‌ನ ಮೇಲೆ ಮಾಡಿದ ಕ್ಯಾಲಿಬ್ರೇಷನ್ ದಂಡ.

ಈಗ ಸಂಪಾಜೆ ಘಾಟಿ. ನಿಮಗೆ ಬ್ರೇಕ್ ಬಿದ್ದದ್ದು ಎರಡು ಸಲವೂ ಎಡ ತಿರುವಿನಲ್ಲಿ ಎಂದು ಬರೆದಿದ್ದೀರಿ. ಇಷ್ಟು ಗಮನಿಸಿದ್ದು ತುಂಬ ಉಪಕಾರವಾಯಿತು. ನಾವು ಎಡಬದಿಯಲ್ಲಿ ಓಡಿಸುವವರು. ಎಡಕ್ಕೆ ತಿರುಗುವಾಗ ಕಾರಿನ ಮೂಗು ಕ್ಷಣಕಾಲ ಎದುರು ಬರುವವರ ಲೇನಿಗೆ ನೇರವಾಗಿರುತ್ತದೆ. ಬಲಕ್ಕೆ ತಿರುಗುವಾಗ ಮೂಗಿನ ಮುಂದೆ ಗುಡ್ಡದ ಬರೆಯೋ ತಡೆಗೋಡೆಯೋ ಇರುತ್ತದೆ. ಅದಕ್ಕೇ ಎಡ ತಿರುವಿನಲ್ಲಿ ಬಸ್ಸು, ಬಲ ತಿರುವಿನಲ್ಲಿ ಗೋಡೆ ಇಂಥ ಬ್ರೇಕ್‌ಗೆ ನೆಪವಾಗುವುದು.

ಲೆಕ್ಕ ಹಾಕಿ ನೋಡೋಣ. ನೀವು 30 ಕಿ.ಮೀ. ವೇಗದಲ್ಲಿದ್ದೀರಿ, ಬಸ್ಸು 25ರಲ್ಲಿ ಹತ್ತುತ್ತಿದೆ. ಎರಡೂ ಹತ್ತಿರವಾಗುವ ವೇಗ ಗಂಟೆಗೆ 55 ಕಿ.ಮೀ., ಸೆಕೆಂಡಿಗೆ ಸುಮಾರು 15 ಮೀಟರ್. ತಿರುವಿನಲ್ಲಿ ಬಸ್ಸು ಕಂಡಾಗ 25 ಮೀಟರ್ ದೂರವಿದೆ ಎಂದರೆ ಕಾರಿನ ಲೆಕ್ಕದಲ್ಲಿ ಡಿಕ್ಕಿಗೆ 1.6 ಸೆಕೆಂಡ್. ತುರ್ತು ಬ್ರೇಕ್ ವ್ಯವಸ್ಥೆಗಳು ಎಚ್ಚರಿಸಿ ಬ್ರೇಕ್ ಹಿಡಿಯಲು ಸಜ್ಜಾಗುವುದೇ ಈ ಒಂದು, ಒಂದೂವರೆ, ಎರಡು ಸೆಕೆಂಡಿನ ಒಳಗೆ. ಕಾರಿನ ಕಡೆಯಿಂದ ನೋಡಿದರೆ ಅದು ಹುಚ್ಚಾಟ ಅಲ್ಲ. ‘ರಸ್ತೆ ಎಡಕ್ಕೆ ತಿರುಗುತ್ತದೆ, ಬಸ್ಸು ಅದರ ದಾರಿಯಲ್ಲಿ ಅದು ಹೋಗುತ್ತದೆ’ ಎಂಬುದು ಅದಕ್ಕೆ ಗೊತ್ತಾಗಬೇಕು, ಆ ಒಂದು ತಿಳಿವಳಿಕೆ ಸಾಕಾಗಿಲ್ಲ.

ಯಾಕೆ ಸಾಕಾಗುವುದಿಲ್ಲ? ಹಲವು ಕಾರುಗಳ ಮುಂದಿನ ಕ್ಯಾಮೆರಾದ ನೋಟದ ಅಗಲ 50 ಡಿಗ್ರಿಯ ಆಸುಪಾಸು, ಅಂದರೆ ಮಧ್ಯದಿಂದ ಒಂದೊಂದು ಬದಿಗೆ 25. ಹೊಸ ತಲೆಮಾರಿನವುಗಳಲ್ಲಿ 100ರ ಹತ್ತಿರ ಇರುತ್ತದೆ. ಬೆಟ್ಟದ ರಸ್ತೆಯ ಹೇರ್‌ಪಿನ್‌ಗೆ ಭಾರತೀಯ ರಸ್ತೆ ಮಾನದಂಡ ಒಪ್ಪುವ ಒಳಬದಿಯ ಕನಿಷ್ಠ ತ್ರಿಜ್ಯ 14 ಮೀಟರ್. 15 ಮೀಟರ್ ತ್ರಿಜ್ಯದ ತಿರುವಿನಲ್ಲಿ ನಿಮ್ಮ ಮುಂದಿನ 20 ಮೀಟರ್ ರಸ್ತೆ ಇರುವುದು ಮೂಗಿನ ನೇರದಿಂದ 38 ಡಿಗ್ರಿ ಪಕ್ಕದಲ್ಲಿ. 50 ಡಿಗ್ರಿಯ ಕ್ಯಾಮೆರಾಕ್ಕೆ ಆ ರಸ್ತೆ ಚಿತ್ರದೊಳಗೆ ಬರುವುದೇ ಇಲ್ಲ! ತನ್ನ ಲೇನ್ ಕಾಣದೆ, ಬಸ್ಸೊಂದೇ ಕಾಣುತ್ತದೆ. ಆಗ ಅದು ಸ್ಟಿಯರಿಂಗ್ ಕೋನ ನೋಡಿ ದಾರಿ ಊಹಿಸಬೇಕು. ನೀವು ತಿರುವಿನ ಮೊದಲ ಭಾಗದಲ್ಲಿ ಸ್ಟಿಯರಿಂಗ್ ಇನ್ನೂ ಪೂರ್ತಿ ತಿರುಗಿಸಿರುವುದಿಲ್ಲವಾದ್ದರಿಂದ ಊಹೆ ನೇರವಾಗಿ ಬಸ್ಸಿನೊಳಗೇ ಹೋಗುತ್ತದೆ.

ಇದರ ಮೇಲೆ ಕ್ಯಾಮೆರಾ ಬಲಕ್ಕೆ ವಾರೆಯಾಗಿದ್ದರೆ ಏನಾಗುತ್ತದೆ ನೋಡಿ: ಬಲಬದಿಯಲ್ಲಿರುವ ಬಸ್ಸು ಇದ್ದದ್ದಕ್ಕಿಂತ ಎಡಕ್ಕೆ, ಅಂದರೆ ನಿಮ್ಮ ದಾರಿಯೊಳಕ್ಕೆ, ಸರಿದಂತೆ ಕಾಣುತ್ತದೆ. ಒಂದು ಡಿಗ್ರಿಗೆ 25 ಮೀಟರ್‌ನಲ್ಲಿ 44 ಸೆಂಟಿಮೀಟರ್. ಘಾಟಿಯಲ್ಲಿ ಬಸ್ಸಿಗೂ ಕಾರಿಗೂ ನಡುವೆ ಸಿಗುವ ಜಾಗವೇ ಮೀಟರ್ ಆಸುಪಾಸು. ಅದರಲ್ಲಿ 44 ಸೆಂಟಿಮೀಟರ್ ಹೋದರೆ ‘ತಪ್ಪಿಹೋಗುತ್ತದೆ’ ಎಂಬ ತೀರ್ಮಾನ ‘ಡಿಕ್ಕಿ’ ಎಂದು ಬದಲಾಗಲು ಸಾಕು. ಸ್ಟಿಯರಿಂಗ್ ಎಡಕ್ಕೆ ಎಳೆಯುವುದೂ ಎಡ ತಿರುವಿನಲ್ಲೇ ಬ್ರೇಕ್ ಬೀಳುವುದೂ ಒಂದೇ ದಿಕ್ಕಿನ ತಪ್ಪಿಗೆ ಹೊಂದುತ್ತವೆ. ಗಾಜಿನ ಮೇಲೆ ನನ್ನ ಅನುಮಾನ ಇಷ್ಟು ಗಟ್ಟಿಯಾಗಿರುವುದು ಇದರಿಂದ.

ಕ್ಯಾಲಿಬ್ರೇಷನ್ ಆದ ಮೇಲೂ ಘಾಟಿಯಲ್ಲಿ ಅಪರೂಪಕ್ಕೊಮ್ಮೆ ಎಚ್ಚರಿಕೆ ಕೂಗಬಹುದು, ಬ್ರೇಕ್ ಚುರುಕು ಮುಟ್ಟಿಸಬಹುದು. ಅದನ್ನು ಕಡಿಮೆ ಮಾಡಲು ಚಾಲಕರ ಕೈಯಲ್ಲೂ ಉಪಾಯವಿದೆ. ವೇಗ ಇಳಿಸುವುದು ತಿರುವಿನ ಒಳಗೆ ಬೇಡ, ಮೊದಲೇ ಇಳಿಸಿ. ಎಡ ತಿರುವಿನಲ್ಲಿ ಒಳಕ್ಕೆ ಅಂಟಿಕೊಂಡು, ತುಸು ಬೇಗನೆ ಸ್ಟಿಯರಿಂಗ್ ತಿರುಗಿಸಲು ಶುರುಮಾಡಿ. ಕಾರಿಗೆ ನಿಮ್ಮ ದಾರಿ ಗೊತ್ತಾಗುವುದು ಅಲ್ಲಿಂದಲೇ. ಎದುರು ಲೇನಿಗೆ ಅಗಲವಾಗಿ ಹೋಗಿ ತಿರುವು ಕತ್ತರಿಸುವ ರೂಢಿ ಇದ್ದರೆ ಎಚ್ಚರಿಕೆ ಇಮ್ಮಡಿಯಾಗುತ್ತದೆ, ಅದು ಸುಳ್ಳು ಎಚ್ಚರಿಕೆಯೂ ಅಲ್ಲ. ಡಿಕ್ಕಿ ಎಚ್ಚರಿಕೆಯನ್ನು ‘ತಡ’ಕ್ಕೆ ಇಡಿ. ತಪ್ಪಾಗಿ ಬ್ರೇಕ್ ಬಿದ್ದೇಬಿಟ್ಟರೆ ಹೆಚ್ಚಿನ ಕಾರುಗಳಲ್ಲಿ ಆಕ್ಸಿಲರೇಟರನ್ನು ದೃಢವಾಗಿ ಒತ್ತಿದರೆ ಅಥವಾ ಸ್ಟಿಯರಿಂಗ್ ಸ್ಪಷ್ಟವಾಗಿ ತಿರುಗಿಸಿದರೆ ಕಾರು ನಿಮಗೆ ಬಿಟ್ಟುಕೊಡುತ್ತದೆ. ನಿಮ್ಮ ಕಾರಿನಲ್ಲಿ ಯಾವುದು ಎಂದು ಕೈಪಿಡಿಯಲ್ಲಿ ಮೊದಲೇ ಓದಿಕೊಂಡಿರಿ, ತಿರುವಿನಲ್ಲಿ ಹುಡುಕಲು ಸಮಯವಿರುವುದಿಲ್ಲ. ಬ್ರೇಕ್ ಬಿದ್ದ ಗಾಬರಿಯಲ್ಲಿ ನೀವೂ ಬ್ರೇಕ್ ತುಳಿದರೆ ಕಾರು ಪೂರ್ತಿ ನಿಲ್ಲುತ್ತದೆ, ಹಿಂದಿನ ಪಿಕಪ್‌ಗೆ ಅಪಾಯ ಆಗಲೇ ಹೆಚ್ಚು.

ಘಾಟಿ ಇಳಿಯುವಾಗ ಅಡಾಪ್ಟಿವ್ ಕ್ರೂಸ್ (ಮುಂದಿನ ವಾಹನ ನೋಡಿ ವೇಗವನ್ನು ತಾನೇ ಹೊಂದಿಸಿಕೊಳ್ಳುವ ಸೌಲಭ್ಯ) ಹಾಕಲೇಬೇಡಿ. ತಿರುವಿನಲ್ಲಿ ಮುಂದಿನ ವಾಹನ ಕಣ್ಮರೆಯಾದೊಡನೆ ರಸ್ತೆ ಖಾಲಿ ಎಂದು ತಿಳಿದು, ನಿಗದಿ ಮಾಡಿದ ವೇಗಕ್ಕೆ ಏರಲು ಹೊರಡುತ್ತದೆ. ತಿರುವಿನ ನಡುವೆ ಕಾರು ತಾನಾಗಿ ವೇಗ ಹೆಚ್ಚಿಸಿಕೊಳ್ಳುವುದು ತಪ್ಪಾಗಿ ಬೀಳುವ ಬ್ರೇಕ್‌ಗಿಂತ ಕೆಟ್ಟದ್ದು. ಅದಲ್ಲದೆ ಇಳಿಜಾರಿನಲ್ಲಿ ಅದು ವೇಗ ತಡೆಯುವುದು ಮುಖ್ಯವಾಗಿ ಬ್ರೇಕ್‌ನಿಂದ. ಮೇಲಿಂದ ಕೆಳಗಿನವರೆಗೆ ಹೀಗೇ ಇಳಿದರೆ ಪ್ಯಾಡ್ ಕಾದು ಹಿಡಿತ ಕಳೆದುಕೊಳ್ಳುತ್ತದೆ. ಎರಡನೇ ಅಥವಾ ಮೂರನೇ ಗೇರ್, ಆಟೋಮ್ಯಾಟಿಕ್ ಆದರೆ ಮ್ಯಾನುಯಲ್ ಮೋಡ್‌ನಲ್ಲಿ ಅದೇ ಗೇರ್. ವಿದ್ಯುತ್ ಕಾರಿನವರು ಮಡಿಕೇರಿಯಲ್ಲಿ ನೂರಕ್ಕೆ ನೂರು ಚಾರ್ಜ್ ಮಾಡಿಕೊಂಡು ಇಳಿಯಬಾರದು. ಬ್ಯಾಟರಿಯಲ್ಲಿ ಜಾಗವಿಲ್ಲದಿದ್ದರೆ ಇಳಿಜಾರಿನಲ್ಲಿ ಮೋಟಾರ್ ಕೊಡಬೇಕಾದ ತಡೆ ಸಿಗುವುದಿಲ್ಲ.

ಮಂಜಿನ ಸಂದೇಶದ ಬಗ್ಗೆ ಚಿಂತೆ ಬೇಡ. ಕಾಣದಿದ್ದಾಗ ಕಾಣುತ್ತಿಲ್ಲ ಎಂದು ಹೇಳುವ ವ್ಯವಸ್ಥೆಯೇ ಒಳ್ಳೆಯದು. ಬಂಪರ್‌ನಲ್ಲಿರುವ ರೇಡಾರ್ ಕೆಲಸ ಮಾಡುವುದು 77 ಗಿಗಾಹರ್ಟ್ಸ್‌ನಲ್ಲಿ, ಅದರ ಅಲೆಯ ಉದ್ದ ಸುಮಾರು 4 ಮಿಲಿಮೀಟರ್. ಮಂಜಿನ ಹನಿಗಳು ಮಿಲಿಮೀಟರಿನ ನೂರನೇ ಒಂದು ಭಾಗದ ಲೆಕ್ಕದವು, ಹಾಗಾಗಿ ರೇಡಾರ್ ಅಲೆ ಅವನ್ನು ಗಣನೆಗೇ ತೆಗೆದುಕೊಳ್ಳದೆ ದಾಟುತ್ತದೆ. ಕಕ್ಕಡದ, ಅಂದರೆ ಮಳೆಗಾಲದ ನಡುವಿನ, ಜಡಿಮಳೆಯ ಹನಿಗಳೋ ಅಲೆಯಷ್ಟೇ ದಪ್ಪ, ಅಲ್ಲಿ ರೇಡಾರ್ ಕೂಡ ಮಂಕಾಗುತ್ತದೆ. ಕ್ಯಾಮೆರಾ ಮುಚ್ಚಿದಾಗ ರೇಡಾರ್ ಒಂದರಿಂದಲೇ ತುರ್ತು ಬ್ರೇಕ್ ಉಳಿಸಿಕೊಳ್ಳುವ ಕಾರುಗಳಿವೆ, ಎಲ್ಲವನ್ನೂ ನಿಲ್ಲಿಸುವ ಕಾರುಗಳೂ ಇವೆ. ರೇಡಾರ್ ಇಲ್ಲದೆ ಕ್ಯಾಮೆರಾ ಒಂದನ್ನೇ ನಂಬಿದ ಕಾರುಗಳಿಗೆ ಬೇರೆ ದಾರಿಯೇ ಇಲ್ಲ. ನಿಮ್ಮದು ಯಾವ ಬಗೆ ಎಂದು ಕೈಪಿಡಿಯ ‘ಮಿತಿಗಳು’ ಭಾಗದಲ್ಲಿರುತ್ತದೆ.

ಆದರೆ ಒಂದನ್ನು ನೋಡಿ: ಮಂಜು ಕರಗಿ ಬಿಸಿಲು ಬಂದ ಮೇಲೂ ಸಂದೇಶ ಹೋಗದಿದ್ದರೆ ಅದು ಬೇರೆ. ಕ್ಯಾಮೆರಾದ ಮುಂದಿನ ಗಾಜಿನ ಗೂಡಿನಲ್ಲಿ ಒಳಗಿನಿಂದ ಆವಿ ಕಟ್ಟುತ್ತದೆ, ಹೊಸ ಗಾಜಿನ ಮೇಲ್ಮುಚ್ಚಳ ಸರಿಯಾಗಿ ಕೂರದಿದ್ದರೆ ಇನ್ನೂ ಹೆಚ್ಚು. ಎ.ಸಿ. ಆನ್ ಇಟ್ಟುಕೊಂಡೇ ಗಾಳಿಯನ್ನು ಮುಂದಿನ ಗಾಜಿಗೆ ಬಿಟ್ಟರೆ ಕೆಲವು ನಿಮಿಷದಲ್ಲಿ ಬಿಡಬೇಕು. ಆ ಮುಚ್ಚಳ ನೀವೇ ಬಿಚ್ಚಿ ಒರೆಸಲು ಹೋಗಬೇಡಿ, ಕ್ಯಾಮೆರಾ ಅಲುಗಿದರೆ ಮತ್ತೆ ಮೊದಲಿನಿಂದ. ಹೊರಗೆ ವೈಪರ್ ಬ್ಲೇಡ್ ಕ್ಯಾಮೆರಾದ ಜಾಗದವರೆಗೆ ಚೆನ್ನಾಗಿ ಒರೆಸುತ್ತಿದೆಯೇ ನೋಡಿ. ಬಂಪರ್‌ನ ರೇಡಾರ್ ಮುಖದ ಮೇಲೆ ತೋಟದ ಕೆಂಪು ಮಣ್ಣು ಗಟ್ಟಿಯಾಗಿದ್ದರೆ ಒದ್ದೆ ಬಟ್ಟೆಯಿಂದ ಒರೆಸಿ, ಪ್ರೆಷರ್ ವಾಷರ್ ಹತ್ತಿರ ಹಿಡಿಯಬೇಡಿ. ಬಂಪರಿಗೆ ಪುಟ್ಟಿ ಹಾಕಿ ಬಣ್ಣ ಬಳಿಸಿದ್ದರೆ, ಲಾಂಛನದ ಮೇಲೆ ಹೊಳೆಯುವ ಲೋಹದ ಅಲಂಕಾರ ಅಂಟಿಸಿದ್ದರೆ, ಅದೂ ರೇಡಾರ್‌ಗೆ ಪರದೆ.

ಮಂಜಿನಲ್ಲಿ ಎಷ್ಟು ವೇಗ ಎಂಬ ಪ್ರಶ್ನೆಗೆ ಅಡಾಸ್ ಉತ್ತರ ಕೊಡುವುದಿಲ್ಲ, ಲೆಕ್ಕ ಕೊಡುತ್ತದೆ. ಒದ್ದೆ ಇಳಿಜಾರು, ಚಾಲಕನ ಪ್ರತಿಕ್ರಿಯೆಗೆ ಒಂದೂವರೆ ಸೆಕೆಂಡ್ ಎಂದು ಹಿಡಿದರೆ 40 ಕಿ.ಮೀ. ವೇಗದ ಕಾರು ನಿಲ್ಲಲು ಸುಮಾರು 30 ಮೀಟರ್ ಬೇಕು, 60ರಲ್ಲಿದ್ದರೆ 55 ಮೀಟರ್‌ಗೂ ಹೆಚ್ಚು. ಮೂವತ್ತು ಮೀಟರ್ ಕಾಣುವ ಮಂಜಿನಲ್ಲಿ 40 ಕೂಡ ಅಂಚಿನ ವೇಗ. ತಾನಾಗಿ ಹೈ ಬೀಮ್ ಹಾಕುವ ಸೌಲಭ್ಯ ಆಫ್ ಇರಲಿ, ಡಿಮ್ ಮತ್ತು ಫಾಗ್ ಲ್ಯಾಂಪ್ ಸಾಕು. ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತ ಓಡಿಸುವ ನಮ್ಮ ಕಡೆಯ ರೂಢಿಯನ್ನು ದಯವಿಟ್ಟು ಬಿಡಿ. ತಿರುಗುವ ಸೂಚನೆ ಹಿಂದಿನವರಿಗೆ ಗೊತ್ತಾಗುವುದಿಲ್ಲ.

ಭಾವನವರ ಕಾರು ಚೆನ್ನಾಗಿದೆ ಎನ್ನುವುದೂ ನಿಜವೇ ಇರಬೇಕು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ನಡುವೆ ವಿಭಜಕವಿದೆ, ಎದುರಿನಿಂದ ಯಾರೂ ಬರುವುದಿಲ್ಲ, ಗೆರೆ ಸ್ಪಷ್ಟ. ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್‌ಗಳನ್ನು 2023ರ ಆಗಸ್ಟ್ 1ರಿಂದ ಬಿಡುತ್ತಿಲ್ಲ. ಈ ವ್ಯವಸ್ಥೆಗಳನ್ನು ರೂಪಿಸಿದ್ದೇ ಅಂಥ ರಸ್ತೆಗೆ. ನಮ್ಮಲ್ಲಿ ಅದೇ 275ನೇ ಹೆದ್ದಾರಿ ಕುಶಾಲನಗರ ದಾಟಿ ಹತ್ತಲು ಶುರುವಾದೊಡನೆ ಅಂಚಿನ ಗೆರೆಯ ಮೇಲೆ ಮಣ್ಣು, ತರಗೆಲೆ, ಪಾಚಿ. ಸಿಲ್ವರ್ ಓಕ್ ಸಾಲಿನ ನೆರಳು ಬಿಸಿಲಿನ ಪಟ್ಟೆಗಳು ಗೆರೆಯಂತೆಯೇ ಕಾಣುತ್ತವೆ. ಒಳಗಿನ ರಸ್ತೆಗಳಲ್ಲಿ, 3.75 ಮೀಟರ್‌ನ ಏಕಪಥವಿರಲಿ ಐದೂವರೆ ಮೀಟರ್‌ನದ್ದಿರಲಿ, ನಡುಗೆರೆಯೇ ಇಲ್ಲ. ಒಂದು ಬದಿಯ ಗೆರೆ ಮಾತ್ರ ಸಿಕ್ಕರೆ ಕಾರು ಇನ್ನೊಂದನ್ನು ಊಹಿಸಿಕೊಳ್ಳುತ್ತದೆ.

ಆದ್ದರಿಂದ ಯಾವುದು ಆನ್, ಯಾವುದು ಆಫ್ ಎಂಬ ಪ್ರಶ್ನೆಗೆ ನನ್ನ ಸಲಹೆ ಹೀಗೆ. ತುರ್ತು ಬ್ರೇಕ್ ಆನ್ ಇರಲಿ, ಕ್ಯಾಲಿಬ್ರೇಷನ್ ಆಗುವವರೆಗೆ ಮಾತ್ರ ಘಾಟಿಯ ಭಾಗದಲ್ಲಿ ಆಫ್ ಮಾಡಬಹುದು. ಹೆಚ್ಚಿನ ಕಾರುಗಳಲ್ಲಿ ಎಂಜಿನ್ ಮತ್ತೆ ಶುರುಮಾಡಿದಾಗ ಅದು ತಾನಾಗಿ ಆನ್ ಆಗುತ್ತದೆ, ಗಮನವಿರಲಿ. ಮಡಿಕೇರಿ ಪೇಟೆಯಲ್ಲಿ, ಗೋಣಿಕೊಪ್ಪದ ಸಂತೆಯಲ್ಲಿ ಮಗುವೊಂದು ಅಡ್ಡ ಓಡಿದರೆ ಉಳಿಸಬಲ್ಲದ್ದು ಅದೇ. ಹಿಂಬದಿಯ ಅಡ್ಡ ಸಂಚಾರದ ಎಚ್ಚರಿಕೆ, ಕುರುಡು ಬದಿಯ ಎಚ್ಚರಿಕೆ ಆನ್ ಇರಲಿ. ತೋಟದ ಗೇಟಿನಿಂದ ರಸ್ತೆಗೆ ಹಿಮ್ಮುಖವಾಗಿ ಬರುವವರಿಗೆ ಬಹಳ ಉಪಯೋಗ.

ಲೇನ್ ಸ್ಟಿಯರಿಂಗ್ ಸಹಾಯವನ್ನು ಮಾತ್ರ ಕೊಡಗಿನೊಳಗೆ ಆಫ್ ಮಾಡಿ, ಎಚ್ಚರಿಕೆ ಮಾತ್ರ ಇಟ್ಟುಕೊಳ್ಳಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಈಗ ಕಾಫಿ ಕೊಯ್ಲು. ಬೆಳಿಗ್ಗೆ ಏಳೂವರೆ ಎಂಟಕ್ಕೆ ಲೈನ್‌ಮನೆಗಳಿಂದ ಕೆಲಸದವರು ರಸ್ತೆಯಂಚಿನಲ್ಲಿ ಸಾಲಾಗಿ ನಡೆದು ಬರುತ್ತಾರೆ. ಅವರಿಗೆ ಜಾಗ ಬಿಡಲು ನೀವು ಬಲಕ್ಕೆ ಸರಿದು ನಡುಗೆರೆ ಮುಟ್ಟುತ್ತೀರಿ, ಕಾರು ಅದನ್ನು ಲೇನ್ ತಪ್ಪಿದ್ದು ಎಂದು ತಿಳಿದು ಎಡಕ್ಕೆ, ಆ ಜನರ ಕಡೆಗೇ, ಎಳೆಯುತ್ತದೆ. ಆ ಎಳೆತದ ಬಲ ಕಡಿಮೆ, ಗಟ್ಟಿ ಹಿಡಿದ ಕೈ ಸುಲಭವಾಗಿ ಮೀರುತ್ತದೆ, ಆದರೆ ಸಡಿಲ ಕೈಗೆ ಅದು ಸಾಕು. ಬಲಕ್ಕೆ ಸರಿಯುವ ಮೊದಲು ಇಂಡಿಕೇಟರ್ ಹಾಕಿದರೆ ಕಾರು ಎಳೆಯುವುದಿಲ್ಲ. ಸಹಾಯ ಆನ್ ಇಟ್ಟುಕೊಳ್ಳುವವರು ಈ ಅಭ್ಯಾಸವಿಲ್ಲದೆ ಇಟ್ಟುಕೊಳ್ಳಬಾರದು. ಮಳೆಗಾಲದಲ್ಲಿ ತಲೆಯಿಂದ ಮೊಣಕಾಲಿನವರೆಗೆ ಪ್ಲಾಸ್ಟಿಕ್ ಹೊದ್ದವರನ್ನು, ಕೊಡೆಯಡಿ ಬಾಗಿ ನಡೆಯುವವರನ್ನು ಕ್ಯಾಮೆರಾ ಮನುಷ್ಯರೆಂದು ಗುರುತಿಸುವುದೂ ಕಷ್ಟ, ಅದು ಕಲಿತದ್ದು ತಲೆ, ಹೆಗಲು, ಎರಡು ಕಾಲು ಬಿಡಿಬಿಡಿಯಾಗಿ ಕಾಣುವ ಆಕಾರವನ್ನು.

ಆನೆಯ ವಿಷಯವೂ ಅಷ್ಟೇ. ತಿತಿಮತಿ, ಆನೆಚೌಕೂರು, ಸಿದ್ದಾಪುರದ ಕಡೆ ರಾತ್ರಿ ಓಡಿಸುವವರು ಅಡಾಸ್ ಇದೆ ಎಂದು ಒಂದು ಕಿಲೋಮೀಟರ್ ವೇಗವನ್ನೂ ಹೆಚ್ಚಿಸಬಾರದು. ಸಾಮಾನ್ಯವಾಗಿ ಈ ವ್ಯವಸ್ಥೆಗಳಿಗೆ ಕಲಿಸಿರುವುದು ವಾಹನ, ಪಾದಚಾರಿ, ಸೈಕಲ್, ಬೈಕನ್ನು. ಕತ್ತಲಲ್ಲಿ ಬೂದು ಬಣ್ಣದ ಆನೆಗೆ ಹೊಳೆಯುವ ರಿಫ್ಲೆಕ್ಟರ್ ಇಲ್ಲ. ನಿಂತಲ್ಲೇ ನಿಂತ ವಸ್ತುವನ್ನು ರೇಡಾರ್ ರಸ್ತೆಬದಿಯ ಮರ, ಫಲಕಗಳ ಜೊತೆ ಸೇರಿಸಿ ಬದಿಗೊತ್ತುವುದೂ ಉಂಟು.

ನೀವು ಕಾಫಿ ಚೀಲ ಸಾಗಿಸುವವರಾದರೆ ಇದನ್ನೂ ತಿಳಿದಿರಿ. 50 ಕಿಲೋದ ನಾಲ್ಕು ಚೀಲ ಬೂಟಿಗೆ ಬಿದ್ದು ಹಿಂಭಾಗ 5 ಸೆಂಟಿಮೀಟರ್ ಕುಸಿದರೆ, 2.65 ಮೀಟರ್ ಗಾಲಿ ಅಂತರದ ಕಾರಿನ ಮೂಗು ಒಂದು ಡಿಗ್ರಿಗಿಂತ ತುಸು ಹೆಚ್ಚು ಮೇಲೇಳುತ್ತದೆ. 50 ಮೀಟರ್ ದೂರದಲ್ಲಿ ನೋಟ 90 ಸೆಂಟಿಮೀಟರ್‌ಗೂ ಮೇಲಕ್ಕೆ. ಸಾಫ್ಟ್‌ವೇರ್ ಇದನ್ನು ಭಾಗಶಃ ತಿದ್ದಿಕೊಳ್ಳುತ್ತದೆ, ದೂರದ ಅಂದಾಜು ಮಾತ್ರ ಕೆಡುತ್ತದೆ. ಭಾರ ಹೇರಿದ ದಿನದ ಅನುಭವ ಹಿಡಿದು ಅಪ್‌ಡೇಟ್ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಮಾನಿಸಬೇಡಿ.

ಹಳೆಯ ಸಾಫ್ಟ್‌ವೇರ್‌ಗೆ ಮರಳುವುದು ಸಾಮಾನ್ಯವಾಗಿ ಆಗದ ಕೆಲಸ. ತಯಾರಕರು ಡೀಲರ್‌ಗಳಿಗೆ ಹಳೆಯ ಆವೃತ್ತಿ ಕೊಡುವುದಿಲ್ಲ, ಕಾರಿನ ಕಂಪ್ಯೂಟರ್ ಕೂಡ ಹಿಂದಿನದನ್ನು ಒಪ್ಪದಂತೆ ಬೀಗ ಇರುತ್ತದೆ. ಹೊರಗಿನವರು ಹಾಕಿಕೊಡುತ್ತೇವೆ ಎಂದರೆ ಹತ್ತಿರ ಹೋಗಬೇಡಿ. ಬ್ರೇಕ್, ಸ್ಟಿಯರಿಂಗ್‌ಗೆ ಕೈಹಾಕುವ ಸಾಫ್ಟ್‌ವೇರ್ ಅದು, ಮಧ್ಯದಲ್ಲಿ ಬ್ಯಾಟರಿ ವೋಲ್ಟೇಜ್ ಕುಸಿದರೆ ಆ ಘಟಕವೇ ಸತ್ತುಹೋಗಬಹುದು.

ಸರ್ವಿಸ್‌ನವರು ‘ಎಲ್ಲ ಸರಿ’ ಅಂದದ್ದು ಸ್ಕ್ಯಾನರ್‌ನಲ್ಲಿ ದೋಷದ ಕೋಡ್ ಇಲ್ಲ ಎಂಬ ಅರ್ಥದಲ್ಲಿ. ಒಂದು ಡಿಗ್ರಿ ವಾರೆಯಾದ ಕ್ಯಾಮೆರಾ ಎಷ್ಟೋ ಸಲ ಕೋಡ್ ಕೊಡುವುದಿಲ್ಲ, ಅದಕ್ಕೆ ತಾನು ವಾರೆ ಎಂದು ಗೊತ್ತೇ ಇರುವುದಿಲ್ಲ. ಆದ್ದರಿಂದ ಜಾಬ್ ಕಾರ್ಡ್‌ನಲ್ಲಿ ‘ಅಡಾಸ್ ತೊಂದರೆ’ ಎಂದು ಬರೆಸಿ ಬರಬೇಡಿ. ‘ಆಗಸ್ಟ್‌ನಲ್ಲಿ ಮುಂದಿನ ಗಾಜು ಬದಲಾಗಿದೆ, ಕ್ಯಾಲಿಬ್ರೇಷನ್ ದಾಖಲೆ ಇಲ್ಲ, ಇಂಥ ದಿನ, ಇಂಥ ಹೊತ್ತು, ಎಡ ತಿರುವು, 30 ಕಿ.ಮೀ. ವೇಗ, ಎದುರು ಬಸ್, ತಾನಾಗಿ ಬ್ರೇಕ್’ ಎಂದು ಬರೆಸಿ, ಡ್ಯಾಶ್‌ಕ್ಯಾಮ್ ತುಣುಕಿದ್ದರೆ ಕೊಡಿ. ಬದಲಿಗೆ ಕಾಗದದ ಮೇಲೆ ಇವಿಷ್ಟು ಕೇಳಿ: ಅಪ್‌ಡೇಟ್‌ಗೆ ಮೊದಲು ಮತ್ತು ನಂತರದ ಕ್ಯಾಮೆರಾ, ರೇಡಾರ್ ಆವೃತ್ತಿ ಸಂಖ್ಯೆ, ಹಳೆಯದೂ ಸೇರಿ ಎಲ್ಲ ಕೋಡ್‌ಗಳು, ಸ್ಟಿಯರಿಂಗ್ ಸೊನ್ನೆಯ ಅಳತೆ, ರೇಡಾರ್‌ನ ಅಡ್ಡ ಮತ್ತು ಲಂಬ ಕೋನ, ಕ್ಯಾಮೆರಾ ಕ್ಯಾಲಿಬ್ರೇಷನ್ ವರದಿ. ಅದಕ್ಕೆ ಮೊದಲು ಯಾರೂ ಬ್ಯಾಟರಿ ಕಳಚದಂತೆ ನೋಡಿಕೊಳ್ಳಿ, ಹಳೆಯ ದಾಖಲೆ ಅಳಿಸಿಹೋಗಬಹುದು.

ಕ್ಯಾಲಿಬ್ರೇಷನ್ ಎರಡು ಬಗೆ. ಒಂದು, ಗುರುತಿನ ಹಲಗೆಯನ್ನು ಕಾರಿನ ಮುಂದೆ ನಿಗದಿತ ದೂರ, ಎತ್ತರದಲ್ಲಿ ನಿಲ್ಲಿಸಿ ಮಾಡುವುದು. ನೆಲ ಸಮತಟ್ಟಾಗಿರಬೇಕು, ಬೆಳಕು ಒಂದೇ ಸಮ ಇರಬೇಕು, ಕಾರಿನ ಸುತ್ತ ಹಲವು ಮೀಟರ್ ಖಾಲಿ ಜಾಗ ಬೇಕು. ಬೆಟ್ಟದ ಇಳಿಜಾರಿನ ಶೆಡ್ಡಿನಲ್ಲಿ ಅಳತೆ ಪಟ್ಟಿ ಹಿಡಿದು ಮಾಡುವ ಕೆಲಸವಲ್ಲ, ಮೈಸೂರು ಅಥವಾ ಮಂಗಳೂರಿಗೆ ಹೋಗಬೇಕಾಗಬಹುದು. ಇನ್ನೊಂದು, ಸ್ಕ್ಯಾನರ್ ಜೋಡಿಸಿ ತಯಾರಕರು ಹೇಳಿದ ವೇಗದಲ್ಲಿ, ಎರಡೂ ಬದಿ ಸ್ಪಷ್ಟ ಗೆರೆಯಿರುವ ಒಣ ರಸ್ತೆಯಲ್ಲಿ ಹಗಲು ಓಡಿಸುವುದು. ಹತ್ತು ನಿಮಿಷದಲ್ಲೂ ಮುಗಿಯಬಹುದು, ಅರ್ಧ ಗಂಟೆಯೂ ಬೇಕಾಗಬಹುದು. ಮಡಿಕೇರಿ ಸುತ್ತ ಓಡಿಸಿದರೆ ಅದು ಮುಗಿಯುವುದೇ ಇಲ್ಲ. ಕೆಲವು ಮಾದರಿಗಳಿಗೆ ಎರಡೂ ಬೇಕು. ವೀಲ್ ಅಲೈನ್‌ಮೆಂಟ್ ಮತ್ತು ಸ್ಟಿಯರಿಂಗ್ ಸೊನ್ನೆ ಮೊದಲು, ಕ್ಯಾಮೆರಾ ಆಮೇಲೆ, ಈ ಕ್ರಮ ತಪ್ಪಬಾರದು. ಗಾಜಿಗೆ ವಿಮೆ ಪಡೆದಿದ್ದರೆ ಕ್ಯಾಲಿಬ್ರೇಷನ್ ಖರ್ಚನ್ನೂ ಅದೇ ಕ್ಲೇಮಿಗೆ ಸೇರಿಸಲು ಆಗುತ್ತದೆಯೇ ಎಂದು ವಿಮಾ ಕಂಪನಿಗೆ ಬರವಣಿಗೆಯಲ್ಲಿ ಕೇಳಿ.

ಹೋಗುವ ದಿನ ಬೂಟಿನ ಚೀಲ, ಮೇಲಿನ ಕ್ಯಾರಿಯರ್ ಇಳಿಸಿ, ಟಯರ್ ಗಾಳಿ ನೋಡಿಸಿ, ಮುಂದಿನ ಗಾಜು ಮತ್ತು ಬಂಪರ್ ತೊಳೆದುಕೊಂಡು, ಡೀಸೆಲ್ ಎಷ್ಟಿರಬೇಕು ಎಂದು ಫೋನಿನಲ್ಲೇ ವಿಚಾರಿಸಿಕೊಂಡು ಹೊರಡಿ. ಈಗಿನ ಸೆಟ್ಟಿಂಗ್ ಪರದೆಗಳ ಫೋಟೊ ತೆಗೆದಿಟ್ಟುಕೊಳ್ಳಿ. ವಾಪಸ್ ಬರುವಾಗ ಪಿರಿಯಾಪಟ್ಟಣದ ಅದೇ ನೇರ ರಸ್ತೆಯಲ್ಲಿ ಎಡ ಬಲ ಎಚ್ಚರಿಕೆಯ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ಎರಡೂ ಕಡೆ ಸಮ ಬಂದು, ಘಾಟಿಯ ಎಡ ತಿರುವಿನಲ್ಲಿ ಮಾತ್ರ ಬ್ರೇಕ್ ಮತ್ತೆ ಬಿದ್ದರೆ ಆಗ ಅದು ಹೊಸ ಸಾಫ್ಟ್‌ವೇರ್‌ನದೇ ಗುಣ. ವರದಿ, ವಿಡಿಯೊ ಎರಡನ್ನೂ ಸೇರಿಸಿ ನೇರವಾಗಿ ತಯಾರಕರಿಗೆ ಬರೆಯಿರಿ, ಡೀಲರ್‌ಗೆ ಅದರ ಪ್ರತಿ ಕೊಟ್ಟು ಸಹಿ ಹಾಕಿಸಿಕೊಳ್ಳಿ.